ಪೈಪಿನ ನೆರಳಲ್ಲಿ ನಿಂತ ಕ್ಯಾರಿಬೂ

ನಾನು ಕೆನಡಾದ ಆಲ್ಬರ್ಟಾದಲ್ಲಿ ಕ್ಯಾರಿಬೂಗಳ, ಅಂದರೆ ಉತ್ತರದ ಚಳಿನಾಡಿನ ದೊಡ್ಡ ಜಿಂಕೆಗಳ, ಓಡಾಟ ಗಮನಿಸುವ ಕೆಲಸ ಮಾಡುತ್ತೇನೆ. ಹಾಗಂದ ಕೂಡಲೇ ಯಾರಾದರೊಬ್ಬರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಅಲಾಸ್ಕದ ಪ್ರುಡೋ ಬೇ ತೈಲಕ್ಷೇತ್ರ, ದಪ್ಪನೆಯ ಪೈಪು, ಅದರ ನೆರಳಲ್ಲಿ ನಾಲ್ಕಾರು ಕ್ಯಾರಿಬೂ. "ನೋಡಿ, ಎಷ್ಟು ಚೆನ್ನಾಗಿ ಒಗ್ಗಿಕೊಂಡಿವೆ ಅಲ್ವಾ?"

ಫೋಟೋ ಸುಳ್ಳಲ್ಲ. ಅದು ಯಾವ ತಿಂಗಳಲ್ಲಿ ತೆಗೆದದ್ದು, ಅಲ್ಲಿ ಮರಿ ಇದೆಯೇ ಅಂತ ನಾನು ಮೊದಲು ನೋಡುತ್ತೇನೆ.

ಸಾಮಾನ್ಯವಾಗಿ ಅದು ಜುಲೈ ಆಗಿರುತ್ತದೆ. ಆಗ ಅಲ್ಲಿ ಸೊಳ್ಳೆಗಳದ್ದೇ ರಾಜ್ಯ. ಅದರ ಬೆನ್ನಿಗೇ ಎರಡು ಜಾತಿಯ ನೊಣ ಬರುತ್ತವೆ, ಒಂದರ ಹುಳು ಪ್ರಾಣಿಯ ಮೂಗಿನೊಳಗೆ, ಇನ್ನೊಂದರದ್ದು ಚರ್ಮದಡಿಯಲ್ಲಿ ಬೆಳೆಯುತ್ತದೆ. ಕ್ಯಾರಿಬೂ ಮೇಯುವುದನ್ನೇ ಬಿಟ್ಟು ಹುಚ್ಚು ಹಿಡಿದಂತೆ ಓಡುತ್ತದೆ. ಎತ್ತರಿಸಿದ ಜಲ್ಲಿಕಲ್ಲಿನ ದಿಬ್ಬದ ಮೇಲೆ, ಪೈಪಿನ ನೆರಳಲ್ಲಿ ಈ ಕಾಟ ಕಡಿಮೆ. ಮಳೆ ಬಂದಾಗ ನಾವು ಗುರುತಿಲ್ಲದವರ ಜಗುಲಿ ಹತ್ತಿ ನಿಲ್ಲುವುದಿಲ್ಲವೇ, ಹಾಗೆ. ಮನೆಯವರ ಮೇಲಿನ ಪ್ರೀತಿಗೆ ಯಾರೂ ಅಲ್ಲಿ ನಿಲ್ಲುವುದಿಲ್ಲ.

ಅದೇ ಜಾಗಕ್ಕೆ ಜೂನ್ ಮೊದಲ ವಾರಗಳಲ್ಲಿ ಬನ್ನಿ. ಅದು ಮರಿ ಹಾಕುವ ಕಾಲ. ಆಗ ತಾಯಂದಿರು ರಸ್ತೆ, ಕಟ್ಟಡ, ಪೈಪುಗಳಿಂದ ನಾಲ್ಕೈದು ಕಿಲೋಮೀಟರ್ ದೂರವೇ ಇರುತ್ತವೆ. ಅಲ್ಲಿ ತೈಲ ಹರಿಯಲು ಶುರುವಾಗಿದ್ದು 1977ರಲ್ಲಿ. ಸುಮಾರು 40 ವರ್ಷ ಕಳೆದ ಮೇಲೂ ಕೊರಳಪಟ್ಟಿಗಳು ಇದನ್ನೇ ತೋರಿಸಿದವು. ಒಗ್ಗಿಕೊಳ್ಳಲು ಇನ್ನೆಷ್ಟು ತಲೆಮಾರು ಬೇಕು?

ಕೊರಳಪಟ್ಟಿ ಅಂದರೆ ಜಿಪಿಎಸ್ ಪಟ್ಟಿ. ಕೆಲವು ಗಂಟೆಗಳಿಗೊಮ್ಮೆ ಪ್ರಾಣಿ ಎಲ್ಲಿದೆ ಅಂತ ಒಂದು ಚುಕ್ಕೆ ಕಳಿಸುತ್ತದೆ. ಚಳಿಗಾಲವಿಡೀ ಕಾಫಿ ಕುಡಿಯುತ್ತಾ ನಕ್ಷೆಯ ಮೇಲೆ ಆ ಚುಕ್ಕೆಗಳನ್ನು ನೋಡುವುದೇ ನನ್ನ ಕೆಲಸ. ರೋಮಾಂಚಕ ಅಂತ ಹೇಳಲಾರೆ. ಆದರೆ ಯಾರ ಕ್ಯಾಮೆರಾಕ್ಕೂ ಸಿಗದ ಪ್ರಾಣಿಗಳು ಇಲ್ಲಿ ಸಿಗುತ್ತವೆ. ವಾಯವ್ಯ ಅಲಾಸ್ಕದ ರೆಡ್ ಡಾಗ್ ಸತುವಿನ ಗಣಿಯಿಂದ ಬಂದರಿಗೆ ಸುಮಾರು 84 ಕಿಲೋಮೀಟರ್ ರಸ್ತೆ ಇದೆ. ಶರತ್ಕಾಲದ ವಲಸೆಯಲ್ಲಿ ಹೆಚ್ಚಿನ ಕ್ಯಾರಿಬೂಗಳು ಸರಾಸರಿ ಮೂರು ದಿನದಲ್ಲಿ ಅದನ್ನು ದಾಟಿದವು. ಪಟ್ಟಿ ಕಟ್ಟಿದ್ದರಲ್ಲಿ ಶೇಕಡಾ 30ರಷ್ಟು ಮಾತ್ರ ಅಲ್ಲೇ ತಿರುಗಾಡುತ್ತಾ ಸರಾಸರಿ 33 ದಿನ ಕಳೆದವು. ದಾಟಿದವನ್ನು ನೋಡಿದವರು "ಏನೂ ತೊಂದರೆ ಇಲ್ಲ" ಅಂದರು. ಅವರು ಕಂಡದ್ದನ್ನೇ ಹೇಳಿದರು.

ನಮ್ಮ ಆಲ್ಬರ್ಟಾದ ಕಥೆ ಇನ್ನೂ ವಿಚಿತ್ರ. ಇಲ್ಲಿ ಹಲವು ಕಡೆ ರಸ್ತೆಯೂ ಇಲ್ಲ, ಗಾಡಿಯೂ ಇಲ್ಲ. ಇರುವುದು ಗೆರೆಗಳು. ನೆಲದಡಿ ತೈಲ ಹುಡುಕಲು ಕಾಡಿನ ಮಧ್ಯೆ ಐದರಿಂದ ಎಂಟು ಮೀಟರ್ ಅಗಲಕ್ಕೆ ನೇರವಾಗಿ ಮರ ಕಡಿಯುತ್ತಾರೆ. ಅಲ್ಲಿ ಸ್ಫೋಟ ಮಾಡಿ ಅದರ ಪ್ರತಿಧ್ವನಿ ಅಳೆಯುತ್ತಾರೆ. ಒಂದು ಚಳಿಗಾಲದಲ್ಲಿ ಕೆಲಸ ಮುಗಿಸಿ ಹೊರಟುಬಿಡುತ್ತಾರೆ. ಸೈಸ್ಮಿಕ್ ಲೈನ್ ಅನ್ನುತ್ತಾರೆ. ಸದ್ದಿಲ್ಲ, ಜನ ಇಲ್ಲ. ಆದರೂ ಕ್ಯಾರಿಬೂ ಅದರ ಅಕ್ಕಪಕ್ಕ 250 ಮೀಟರ್‌ವರೆಗಿನ ಜಾಗವನ್ನು ಬಳಸುವುದು ಕಡಿಮೆ.

ಯಾಕೆಂದರೆ ಗೆರೆಯನ್ನು ತೋಳ ಬಳಸುತ್ತದೆ. ಪೊದೆ ಬಿದ್ದ ಕಾಡಿನಲ್ಲಿ ನುಸುಳುವುದಕ್ಕಿಂತ ಗೆರೆಯ ಮೇಲೆ ಎರಡು ಮೂರು ಪಟ್ಟು ವೇಗವಾಗಿ ಹೋಗುತ್ತದೆ. ಕ್ಯಾರಿಬೂಗೆ ಇದು ದೊಡ್ಡ ಪೆಟ್ಟು. ಅದು ಕಾಲಿನ ಬಲವನ್ನಷ್ಟೇ ನಂಬಿ ಬದುಕುವ ಪ್ರಾಣಿಯಲ್ಲ. ಯಾರಿಗೂ ಬೇಡದ ಜೌಗಿನಲ್ಲಿ, ಕಲ್ಲುಹೂವು ತಿಂದುಕೊಂಡು, ಚದುರಿ ಇರುವುದೇ ಅದರ ಉಪಾಯ. ತೋಳ ಬೇಟೆಯಾಡುವ ಮೂಸ್ ಎಂಬ ಭಾರೀ ಜಿಂಕೆ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ತೋಳವೂ ಅಷ್ಟಾಗಿ ಬರುವುದಿಲ್ಲ. ನಾವು ಎರಡೂ ಕಡೆಯಿಂದ ಕೆಡಿಸಿದೆವು. ಸುತ್ತಲ ಹಳೆಯ ಕಾಡು ಕಡಿದಾಗ ಎಳೆ ಚಿಗುರು ಬಂತು, ಅದಕ್ಕೆ ಮೂಸ್ ಮತ್ತು ಜಿಂಕೆ ಬಂದವು, ಅವುಗಳಿಂದ ತೋಳ ಜಾಸ್ತಿ ಆಯಿತು. ಆ ತೋಳಕ್ಕೆ ಜೌಗಿನೊಳಗೆ ಹೋಗಲು ದಾರಿಯನ್ನೂ ನಾವೇ ಮಾಡಿಕೊಟ್ಟೆವು. ಬೆಟ್ಟದ ಕಡೆ ಈ ಕೆಲಸವನ್ನು ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್, ಮಾಡುತ್ತದೆ. ಅದು ಹಿಮ ತುಳಿದು ಗಟ್ಟಿಯಾದ ಜಾಡು ತೋಳಕ್ಕೂ ಸಿಗುತ್ತದೆ.

ಮೈಸೂರಿನ ಗೆಳೆಯರು ಕೇಳುತ್ತಾರೆ, ಬಂಡೀಪುರದ ಹಾಗೆ ರಾತ್ರಿ ಗೇಟು ಹಾಕಬಾರದೇ ಅಂತ. ಬಂಡೀಪುರದಲ್ಲಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧಕ್ಕೆ ಅರ್ಥವಿದೆ. ಅಲ್ಲಿ ಕೊಲ್ಲುವುದು ವಾಹನ, ಅದನ್ನು ತಡೆದರೆ ಪ್ರಾಣ ಉಳಿಯುತ್ತದೆ. ಇಲ್ಲಿ ಗೇಟು ಹಾಕಿ ಯಾರನ್ನು ತಡೆಯುವುದು? ತೋಳವನ್ನೇ?

ಗೆರೆಯನ್ನೇ ಅಳಿಸಬೇಕು. ಮಣ್ಣನ್ನು ಗುಡ್ಡೆ ಮಾಡಿ ಸ್ಪ್ರೂಸ್ ಸಸಿ ನೆಡುತ್ತಾರೆ, ದಾರಿಗೆ ಅಡ್ಡ ಮರ ಉರುಳಿಸುತ್ತಾರೆ. ಖರ್ಚು ಜಾಸ್ತಿ, ಫಲ ನಿಧಾನ. ಅಲ್ಲಿಯವರೆಗೆ ಹೆಲಿಕಾಪ್ಟರ್‌ನಿಂದ ತೋಳಗಳಿಗೆ ಗುಂಡು ಹೊಡೆಯುತ್ತಾರೆ. ಅದರಿಂದ ಕೆಲವು ಹಿಂಡು ಉಳಿದಿರುವುದು ನಿಜ. ನಾನು ಪೂರ್ತಿ ವಿರೋಧಿಯಲ್ಲ. ಆದರೆ ಒಂದು ಕಡೆ ತೋಳ ಕೊಂದು, ಇನ್ನೊಂದು ಕಡೆ ಹೊಸ ಗೆರೆ ಕಡಿಯುವುದು ಯಾವ ಲೆಕ್ಕ?

ಕಳೆದ ಬೇಸಿಗೆ ನನಗಿಂತ ಹಳೆಯದಾದ ಒಂದು ಗೆರೆ ನೋಡಲು ಹೋಗಿದ್ದೆ. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು. ಮರ ಇಲ್ಲ. ಪಕ್ಕದ ಜೌಗಿನಲ್ಲಿ ಹೆಜ್ಜೆಹೆಜ್ಜೆಗೂ ಬೂಟು ಹೂತು ಸಾಕಾಗಿ ಗೆರೆಯ ಮೇಲೆ ಹತ್ತಿದೆ. ನಡೆಯಲು ಸಲೀಸಾಗಿತ್ತು. ಸ್ವಲ್ಪ ದೂರದಲ್ಲೇ ತೋಳದ ಹಿಕ್ಕೆ ಬಿದ್ದಿತ್ತು, ಅದರ ತುಂಬ ಕೂದಲು.