‘ಲಗಾನ್’ ನಿಜವಾಗಿ ನಡೆದ ಕಥೆಯೇ?

ಪ್ರಶ್ನೆ: ಮನೆಮಂದಿಯೆಲ್ಲ ಕೂತು ‘ಲಗಾನ್’ ಮತ್ತೊಮ್ಮೆ ನೋಡಿದೆವು. ಹಳ್ಳಿಯವರು ಕ್ರಿಕೆಟ್ ಆಡಿ ಬ್ರಿಟಿಷರನ್ನು ಸೋಲಿಸಿ ಕಂದಾಯ ಮನ್ನಾ ಮಾಡಿಸಿಕೊಂಡದ್ದು ನಿಜವೇ? ನಿಜವಲ್ಲದಿದ್ದರೆ ಅದನ್ನು ಐತಿಹಾಸಿಕ ಸಿನಿಮಾ ಎನ್ನುವುದು ಹೇಗೆ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚುಟುಕಾಗಿದೆ. ನಿಜವಲ್ಲ. ಹಳ್ಳಿ ತಂಡದ ನಾಯಕ ಭುವನ್, ಅವನೊಡನೆ ಪಂಥ ಕಟ್ಟುವ ಬ್ರಿಟಿಷ್ ಕ್ಯಾಪ್ಟನ್ ರಸೆಲ್, ರಾಜಾ ಪೂರಣ್ ಸಿಂಗ್, 1893ರ ಆ ಮೂರು ದಿನಗಳ ಪಂದ್ಯ, ಎಲ್ಲವೂ ನಿರ್ದೇಶಕ ಅಶುತೋಷ್ ಗೋವಾರಿಕರ್ ಅವರ ಕಲ್ಪನೆ. ಗುಜರಾತಿನ ಪಾವಾಗಢ ಬೆಟ್ಟದ ಬುಡದಲ್ಲಿ ಚಂಪಾನೇರ್ ಎಂಬ ಹಳೆಯ ಪಟ್ಟಣವಿರುವುದು ನಿಜ, ಆದರೆ ಸಿನಿಮಾದ ಹಳ್ಳಿ ಅದಲ್ಲ. ತೆರೆಯ ಮೇಲೆ ಕಾಣುವ ಚಂಪಾನೇರನ್ನು ಭುಜ್ ಸಮೀಪದ ಕಛ್ ಬಯಲಿನಲ್ಲಿ ಚಿತ್ರೀಕರಣಕ್ಕೆಂದೇ ಕಟ್ಟಲಾಗಿತ್ತು.

ತಪ್ಪು ಹುಡುಕುವ ಹಟಕ್ಕೆ ಬಿದ್ದರೆ ಇನ್ನಷ್ಟು ಸಿಗುತ್ತವೆ. ಸಿನಿಮಾದಲ್ಲಿ ಒಂದು ಓವರಿಗೆ 6 ಎಸೆತ. ಕ್ರಿಕೆಟ್ ನಿಯಮ ರೂಪಿಸುವ ಲಂಡನ್ನಿನ ಎಂಸಿಸಿ ಕ್ಲಬ್ಬಿನ ನಿಯಮದ ಪ್ರಕಾರ 1889ರಿಂದ 1899ರವರೆಗೆ ಓವರಿಗೆ 5 ಎಸೆತಗಳಿದ್ದವು. 6 ಆದದ್ದು 1900ರಲ್ಲಿ. ಇದಕ್ಕಿಂತ ತಮಾಷೆಯದು ಭುವನ್‌ನ ಕೊನೆಯ ಹೊಡೆತ. ಆ ಕಾಲದಲ್ಲಿ ಚೆಂಡು ಬೌಂಡರಿ ಗೆರೆಯಾಚೆ ಬಿದ್ದ ಮಾತ್ರಕ್ಕೆ 6 ಓಟ ಸಿಗುತ್ತಿರಲಿಲ್ಲ, ಮೈದಾನವನ್ನೇ ದಾಟಿ ಹೋಗಬೇಕಿತ್ತು. ಆ ನಿಯಮ ಬದಲಾದದ್ದು 1910ರಲ್ಲಿ. ಕಟ್ಟುನಿಟ್ಟಾಗಿ ಲೆಕ್ಕ ಹಿಡಿದರೆ, ರಸೆಲ್ ಚೆಂಡು ಹಿಡಿದುಕೊಂಡು ಗೆರೆಯಾಚೆ ನಿಂತು ಪೆಚ್ಚಾಗುವ ಆ ಸಿಕ್ಸರ್ ಸಿಕ್ಸರೇ ಅಲ್ಲ. ಹಳ್ಳಿಯ ಗತಿ ಏನಾಗುತ್ತಿತ್ತೋ ಯೋಚಿಸುವುದು ಬೇಡ.

ಇಂಥ ತಪ್ಪುಗಳ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. 5 ಎಸೆತದ ಓವರ್ ತೋರಿಸಿದ್ದರೆ ಚಿತ್ರಮಂದಿರದಲ್ಲಿ ಅರ್ಧ ಜನ ಅಂಪೈರಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳುತ್ತಿದ್ದರು. ಕಂದಾಯದ ವಿಷಯ ಇದಕ್ಕಿಂತ ಗಂಭೀರವಾದದ್ದು. ಭೂಕಂದಾಯ ನಿಗದಿ ಮಾಡುವುದಾಗಲಿ ಮನ್ನಾ ಮಾಡುವುದಾಗಲಿ ದಂಡಿನ ಕ್ಯಾಪ್ಟನ್ ಒಬ್ಬನ ಕೈಯಲ್ಲಿರಲಿಲ್ಲ. ಬ್ರಿಟಿಷ್ ಆಳ್ವಿಕೆಯ ಪ್ರದೇಶದಲ್ಲಿ ಅದು ಕಲೆಕ್ಟರನ ಕಚೇರಿಯ ಕೆಲಸ, ಸಂಸ್ಥಾನಗಳಲ್ಲಿ ರಾಜನ ಅಧಿಕಾರಿಗಳ ಕೆಲಸ. ಕಥೆ ಬರೆದವರಿಗೆ ಇದು ಗೊತ್ತಿತ್ತು ಅನಿಸುತ್ತದೆ. ಗೆದ್ದರೆ ಮೂರು ವರ್ಷ ಕಂದಾಯವಿಲ್ಲ, ಸೋತರೆ ಮೂರು ಪಟ್ಟು ಎಂದು ರಸೆಲ್ ಪಂಥ ಕಟ್ಟಿದ ಸುದ್ದಿ ತಿಳಿದಾಗ ಮೇಲಧಿಕಾರಿಗಳು ಅವನಿಗೆ ಚೆನ್ನಾಗಿಯೇ ಛೀಮಾರಿ ಹಾಕುತ್ತಾರೆ. ಕೊನೆಗೆ ನಷ್ಟ ತುಂಬಿಕೊಡುವ ಹೊಣೆಯೂ ಅವನ ತಲೆಗೇ ಬರುತ್ತದೆ.

ನಿಜವಾದ ರೈತರು ಕಂದಾಯದ ವಿರುದ್ಧ ಗೆದ್ದದ್ದು ಪಂಥ ಕಟ್ಟಿ ಅಲ್ಲ, ಕೊಡುವುದಿಲ್ಲ ಎಂದು ಕೂತು. ಗುಜರಾತಿನಲ್ಲಿ 1918ರಲ್ಲಿ ಖೇಡಾ, 1928ರಲ್ಲಿ ಬಾರ್ಡೋಲಿ. ನಮ್ಮಲ್ಲಿ 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದು ಹೊಲ ಗದ್ದೆ ಜಪ್ತಿಯಾಗುವುದನ್ನು ಕಣ್ಣಾರೆ ಕಂಡರು. ಅಲ್ಲಿ ಕೊನೆಯ ಎಸೆತದ ರೋಮಾಂಚನ ಇರಲಿಲ್ಲ. ತಿಂಗಳುಗಟ್ಟಲೆ ಎಳೆಯುವ ಹೋರಾಟ ಅದು. ಮೂರೂವರೆ ಗಂಟೆ ದಾಟುವ ಸಿನಿಮಾಕ್ಕೂ ಅದು ಒಗ್ಗುವುದಿಲ್ಲ.

ಹಾಗಾದರೆ ಆಟದ ಮೈದಾನದಲ್ಲಿ ಭಾರತೀಯರು ಬ್ರಿಟಿಷರನ್ನು ಸೋಲಿಸಲೇ ಇಲ್ಲವೇ? ಸೋಲಿಸಿದರು. ಅದು ಹಳ್ಳಿಯಲ್ಲಿ ಅಲ್ಲ, ಪಟ್ಟಣದಲ್ಲಿ, ಮೊದಲಿಗೆ ಮುಂಬೈಯ ಪಾರ್ಸಿಗಳು. 1848ರಲ್ಲೇ ಕ್ಲಬ್ ಕಟ್ಟಿಕೊಂಡಿದ್ದ ಅವರು ತಮ್ಮ ಪಿಚ್ಚನ್ನು ಯುರೋಪಿಯನ್ನರ ಪೋಲೊ ಕುದುರೆಗಳು ತುಳಿದು ಹಾಳು ಮಾಡುತ್ತಿವೆ ಎಂದು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದು ಗುದ್ದಾಡಿದವರು. 1890ರ ಜನವರಿಯಲ್ಲಿ, ಭಾರತಕ್ಕೆ ಬಂದ ಮೊದಲ ಇಂಗ್ಲಿಷ್ ತಂಡವಾದ ವರ್ನನ್ ತಂಡವನ್ನು 4 ವಿಕೆಟ್‌ಗಳಿಂದ ಸೋಲಿಸಿದರು. 1892ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಬಂದ ಲಾರ್ಡ್ ಹಾಕ್ ತಂಡಕ್ಕೂ ಅದೇ ಗತಿಯಾಯಿತು. ಅಂದರೆ ಭುವನ್ ಬ್ಯಾಟ್ ಕೆತ್ತುತ್ತಿದ್ದ ಕಾಲಕ್ಕೆ ಅತ್ತ ಮುಂಬೈಯಲ್ಲಿ ಬಿಳಿಯರು ಸೋಲುವುದನ್ನು ಜನ ಆಗಲೇ ನೋಡಿಯಾಗಿತ್ತು. ಬರಿಗಾಲಿನ ಗೆಲುವೇ ಬೇಕೆಂದರೆ ಕೋಲ್ಕತ್ತದ ಫುಟ್ಬಾಲಿನತ್ತ ತಿರುಗಬೇಕು: 1911ರ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಮಣಿಸಿ ಐಎಫ್ಎ ಶೀಲ್ಡ್ ಪಂದ್ಯಾವಳಿ ಗೆದ್ದಿತು. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಘಟನೆ ಕಲ್ಪಿತವಾದರೂ ಕಾಲ ನಿಜವಾಗಿರಬಹುದು ಎನ್ನುವುದು ನನ್ನ ವಾದ. ‘ಲಗಾನ್’ ತನ್ನ ಕಾಲಕ್ಕೆ ಅತಿ ಹತ್ತಿರ ಬರುವುದು ಕೊನೆಯ ಸಿಕ್ಸರಿನಲ್ಲೂ ಅಲ್ಲ, ರಸೆಲ್‌ನ ತಂಗಿ ಎಲಿಜಬೆತ್‌ಳ ಪ್ರೇಮದಲ್ಲಂತೂ ಅಲ್ಲವೇ ಅಲ್ಲ (ಆ ಭಾಗವನ್ನು ಕತ್ತರಿಸಿದ್ದರೆ ಯಾರೂ ಅಳುತ್ತಿರಲಿಲ್ಲ), ಕಚ್ರಾ ತಂಡಕ್ಕೆ ಸೇರುವ ದೃಶ್ಯದಲ್ಲಿ.

ಆ ದೃಶ್ಯವನ್ನು ನೆನಪಿಸಿಕೊಳ್ಳಿ. ಹಳ್ಳಿಯವರು ಅಭ್ಯಾಸ ಮಾಡುತ್ತಿದ್ದಾರೆ. ಚೆಂಡು ಉರುಳುತ್ತಾ ದೂರ ನಿಂತಿದ್ದ ಕಚ್ರಾನ ಹತ್ತಿರ ಹೋಗುತ್ತದೆ. ಅವನು ಅಸ್ಪೃಶ್ಯ, ಒಂದು ಕೈ ಊನ. ಎಸೆ ಎಂದು ಭುವನ್ ಕೂಗುತ್ತಾನೆ. ಚೆಂಡನ್ನು ಮುಟ್ಟಲೋ ಬೇಡವೋ ಎಂದು ಅವನು ಹಿಂಜರಿಯುತ್ತಾನೆ. ಕೊನೆಗೆ ಊನವಾದ ಕೈಯಿಂದಲೇ ಎಸೆದಾಗ ಚೆಂಡು ನೆಲಕ್ಕೆ ಬಿದ್ದು ಗರ್ರನೆ ತಿರುಗುತ್ತದೆ. ಭುವನ್‌ಗೆ ಸ್ಪಿನ್ನರ್ ಸಿಕ್ಕ ಸಂಭ್ರಮ. ಉಳಿದವರಿಗೆ ಮೈಲಿಗೆಯ ಭಯ. ಇಷ್ಟು ಹೊತ್ತು ಕಂದಾಯದ ಅನ್ಯಾಯದ ಬಗ್ಗೆ ಕುದಿಯುತ್ತಿದ್ದ ಅದೇ ಜನ ಇವನಿದ್ದರೆ ನಾವು ಆಡುವುದಿಲ್ಲ ಎಂದು ಸೆಟೆದು ನಿಲ್ಲುತ್ತಾರೆ. ವಸಾಹತು ಕಾಲದ ಸಿನಿಮಾಗಳಲ್ಲಿ ಕೆಟ್ಟತನವೆಲ್ಲ ಕೆಂಪು ಕೋಟಿನವರ ಪಾಲಿಗೆ ಹೋಗುವುದು ವಾಡಿಕೆ. ಇಲ್ಲಿ ಅದರ ಒಂದು ಪಾಲು ನಮ್ಮ ಅಂಗಳಕ್ಕೂ ಬಂದು ಬೀಳುತ್ತದೆ.

ಇದಕ್ಕೆ ಇತಿಹಾಸದಲ್ಲಿ ಜೋಡಿ ಇದೆ. ಪಲವಣಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ದಲಿತ ಕುಟುಂಬ. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಪಿಚ್ ಹದ ಮಾಡುವುದು, ನೆಟ್ ಕಟ್ಟುವುದು ಅವರ ಕೆಲಸ. ಸಾಹೇಬರ ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಬೌಲಿಂಗ್ ಮಾಡಿ ಮಾಡಿ ಎಡಗೈ ಸ್ಪಿನ್ನಿನಲ್ಲಿ ಪಳಗಿದರು. ಬ್ಯಾಟ್ ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ. ಇಂಥ ಬೌಲರ್ ಕೈಗೆ ಸಿಗುವಾಗ ಬಿಟ್ಟರುಂಟೇ ಎಂದು ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವಿರಾಮ ಬಂದರೆ ಉಳಿದವರಿಗೆ ಪೆವಿಲಿಯನ್ನಿನೊಳಗೆ ಪಿಂಗಾಣಿ ಕಪ್ಪು, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು.

ಈಗ ಸಿನಿಮಾಕ್ಕೆ ಹಿಂತಿರುಗಿ ನೋಡಿದರೆ ಅದರ ಬಲಹೀನತೆಯೂ ಇಲ್ಲಿಯೇ ಕಾಣುತ್ತದೆ. ಭುವನ್‌ನ ತಂಡದಲ್ಲಿ ಹೆಚ್ಚಿನವರು ಆಟಕ್ಕೆ ತಂದದ್ದು ತಮ್ಮ ದುಡಿಮೆಯ ಕಸುಬನ್ನು. ಕೋಳಿ ಸಾಕುವ ಭೂರಾ ಕೋಳಿಯ ಹಿಂದೆ ಓಡಿದಂತೆ ಚೆಂಡಿನ ಹಿಂದೆ ಓಡುತ್ತಾನೆ. ಡೋಲು ಬಾರಿಸುವ ಬಾಘಾನ ತೋಳಿನ ಕಸುವು ಬ್ಯಾಟಿಗೆ ಬರುತ್ತದೆ. ಸಿಪಾಯಿಯಾಗಿದ್ದ ದೇವಾನಿಗೆ ಬಿಳಿಯರ ಆಟ ಮೊದಲೇ ಗೊತ್ತು. ಕಚ್ರಾನ ಸ್ಪಿನ್ ಮಾತ್ರ ದೇಹದ ಊನದಿಂದ ಬಂದ ಆಕಸ್ಮಿಕ. ಕಲಿತದ್ದಲ್ಲ, ದುಡಿದು ಗಳಿಸಿದ್ದಲ್ಲ. ಬಾಲೂ ಅವರದು ಹಾಗಲ್ಲ. ತಂಡದಲ್ಲಿ ಅವರಷ್ಟು ಎಸೆತ ಎಸೆದು ಕಲಿತವರು ಇನ್ನೊಬ್ಬರಿರಲಿಲ್ಲ. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋಲಿನ ಮೇಲೆ ಸೋಲು ಕಂಡಿತು. ಅದೇ ಪ್ರವಾಸದಲ್ಲಿ ಬಾಲೂ 114 ವಿಕೆಟ್ ಕಿತ್ತರು.

ಕಚ್ರಾನ ಪರವಾಗಿ ಮಾತನಾಡುವವನೂ ಭುವನ್‌ನೇ. ಒಂದು ಭಾಷಣ ಮುಗಿಯುವಷ್ಟರಲ್ಲಿ ಹಳ್ಳಿಯ ಮನಸ್ಸು ಬದಲಾಗಿಬಿಡುತ್ತದೆ, ಕಚ್ರಾ ಕೈಮುಗಿದು ನಿಂತಿರುತ್ತಾನೆ. ಮುಂದೆ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆದಾಗ ಎಲ್ಲರೂ ಅವನನ್ನು ಅಪ್ಪಿಕೊಳ್ಳುತ್ತಾರೆ. ಅಲ್ಲೊಂದು ಚಂದದ ಸೂಕ್ಷ್ಮವಿದೆ, ಗಮನಿಸಿ: ಹೊಸ ಚೆಂಡಿನಲ್ಲಿ ಅವನ ಕೈ ನಡೆಯುವುದಿಲ್ಲ, ಚೆಂಡು ಹಳತಾಗಿ ಒರಟಾದ ಮೇಲೆ ತಿರುಗತೊಡಗುತ್ತದೆ. ಕ್ರಿಕೆಟ್ ಬಲ್ಲವರು ಬರೆದ ದೃಶ್ಯ ಅದು. ಕೊನೆಯ ಮೂರನೇ ಒಂದು ಭಾಗವನ್ನು ಪೂರ್ತಿಯಾಗಿ ಒಂದು ಪಂದ್ಯಕ್ಕೆ ಬಿಟ್ಟುಕೊಟ್ಟು, ಆಟವೇ ಗೊತ್ತಿಲ್ಲದ ಅಜ್ಜಿಯೂ ಉಸಿರು ಬಿಗಿಹಿಡಿದು ನೋಡುವಂತೆ ಮಾಡಿದ ಜಾಣ್ಮೆಯ ಗುಟ್ಟು ಇಂಥ ವಿವರಗಳಲ್ಲಿದೆ. ಇದು ನಮ್ಮ ಚಿನ್ನಿದಾಂಡಿನ ಹಾಗೇ ಎಂದು ಭುವನ್ ಹಳ್ಳಿಯವರಿಗೆ ಕಲಿಸುತ್ತಾ ಹೋದಂತೆ ಪ್ರೇಕ್ಷಕರೂ ಕಲಿಯುತ್ತಾರೆ.

ಆದರೆ ಗೆಲುವಿನ ನಂತರ ಊರಿನ ಬಾವಿಯ ಬಳಿ ಕಚ್ರಾನಿಗೆ ಏನಾಯಿತು ಎಂಬುದರ ಗೊಡವೆಗೆ ಸಿನಿಮಾ ಹೋಗುವುದಿಲ್ಲ. ಬಾಲೂ ಅವರ ವಿಷಯದಲ್ಲಿ ಮುಂದಿನ ಕಥೆ ನಮಗೆ ಗೊತ್ತಿದೆ. 1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಮತ್ತು ಅವರ ತಮ್ಮ ಶಿವರಾಮ್ ಇಬ್ಬರೂ ತಂಡದಲ್ಲಿದ್ದರು. ಬಾಲೂ ಅವರನ್ನು ಅಂಬೇಡ್ಕರ್ ಮೆಚ್ಚಿ ಹೊಗಳಿದ್ದರು. 1937ರ ಮುಂಬೈ ಚುನಾವಣೆಯಲ್ಲಿ ಅದೇ ಅಂಬೇಡ್ಕರ್ ಅವರ ಎದುರು ಕಾಂಗ್ರೆಸ್ ಬಾಲೂ ಅವರನ್ನೇ ನಿಲ್ಲಿಸಿತು, ಬಾಲೂ ಸೋತರು. ಅಷ್ಟೆಲ್ಲ ವರ್ಷ ಹಿಂದೂ ತಂಡದ ಬೌಲಿಂಗ್ ಭಾರ ಹೊತ್ತರೂ ಅದರ ನಾಯಕನಾಗಿ ಅವರನ್ನು ಯಾರೂ ನೇಮಿಸಲಿಲ್ಲ. ಆ ಸ್ಥಾನ ಅವರ ಮನೆಗೆ ಬಂದದ್ದು 1923ರಲ್ಲಿ, ಇನ್ನೊಬ್ಬ ತಮ್ಮ ವಿಠ್ಠಲ್ ಅವರಿಗೆ.