ಸೆವೆಂತ್ ಕಾರ್ಡ್: ನಾಲ್ಕನೇ ಸ್ವರದ ತಳಮಳ

ಕೀಬೋರ್ಡಿನಲ್ಲಿ ಶಂಕರಾಭರಣದ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪೇ ಕಾರ್ಡ್. ಪಾಶ್ಚಾತ್ಯ ಸಂಗೀತಗಾರರು ಇದನ್ನು ಮೇಜರ್ ಕಾರ್ಡ್ ಅನ್ನುತ್ತಾರೆ. ಒಂದು ಸ್ವರ ಬಿಟ್ಟು ಇನ್ನೊಂದನ್ನು ಹಿಡಿಯುವುದು, ಅಷ್ಟೇ ಇದರ ಲೆಕ್ಕ. ಹಾಗೇ ಇನ್ನೊಂದು ಸ್ವರ ಸೇರಿಸಿದರೆ ನಿ ಸಿಗುತ್ತದೆ. ಸ-ಗ-ಪ-ನಿ. ಸ ಬುಡದಿಂದ ಎಣಿಸಿದರೆ ನಿ ಏಳನೆಯದು, ಅದಕ್ಕೇ ಇದು ಸೆವೆಂತ್ ಕಾರ್ಡ್.

ಸ ಒಂದೇ ಅಲ್ಲ, ಯಾವ ಸ್ವರದಿಂದ ಬೇಕಾದರೂ ಹೀಗೆ ಕಟ್ಟಬಹುದು. ಆದರೆ ಎಲ್ಲವೂ ಒಂದೇ ಥರ ಕೇಳುವುದಿಲ್ಲ. ಕಪ್ಪು ಬಿಳಿ ಕೀಗಳನ್ನೆಲ್ಲ ಸೇರಿಸಿ, ಕಾರ್ಡಿನ ಒಂದು ಸ್ವರದಿಂದ ಮುಂದಿನದಕ್ಕೆ ಎಷ್ಟು ಕೀ ದೂರ ಎಂದು ಎಣಿಸಿ ನೋಡಿ. ಸ ಮತ್ತು ಮ ಇಂದ ಹೊರಟರೆ 4-3-4. ಇದು ಮೇಜರ್ ಸೆವೆಂತ್. ರಿ, ಗ, ದ ಇಂದ ಹೊರಟರೆ 3-4-3, ಮೈನರ್ ಸೆವೆಂತ್. ನಿ ಇಂದ 3-3-4. ಪ ಇಂದ ಮಾತ್ರ 4-3-3 ಬರುತ್ತದೆ: ಪ-ನಿ-ರಿ-ಮ. ಇದರ ಹೆಸರು ಡಾಮಿನೆಂಟ್ ಸೆವೆಂತ್. ಇಡೀ ರಾಗದ ಸ್ವರಗಳಲ್ಲಿ ಈ ಅಳತೆಯ ಕಾರ್ಡ್ ಇರುವುದು ಇದೊಂದೇ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದೂ ಇದೇ.

ಇದರೊಳಗಿನ ನಿ ಮತ್ತು ಮ ಗಮನಿಸಿ. ಇವೆರಡರ ನಡುವೆ ಆರು ಕೀ ದೂರ, ಅಂದರೆ ಸರಿಯಾಗಿ ಅರ್ಧ ಸ್ಥಾಯಿ. ಇವೆರಡನ್ನೇ ಒಟ್ಟಿಗೆ ನುಡಿಸಿದರೆ ಕಿವಿಗೆ ನೆಮ್ಮದಿ ಇರುವುದಿಲ್ಲ. ಆದರೆ ನಿ ಪಕ್ಕದಲ್ಲೇ, ಒಂದು ಕೀ ಮೇಲೆ, ಸ ಇದೆ. ಮ ಪಕ್ಕದಲ್ಲಿ, ಒಂದು ಕೀ ಕೆಳಗೆ, ಗ ಇದೆ. ಪ-ನಿ-ರಿ-ಮ ಒತ್ತಿ ಒಂದು ಕ್ಷಣ ಹಾಗೇ ಹಿಡಿದಿಡಿ. ಆಮೇಲೆ ಸ-ಗ-ಪ ನುಡಿಸಿ. ಅಬ್ಬಾ, ಮನೆಗೆ ಬಂದಂತಾಯಿತು ಅನಿಸುತ್ತದೆ, ಅಲ್ವಾ? ಮೊಜಾರ್ಟ್ ಕಾಲದ ಸಂಗೀತದಲ್ಲಿ ಕೃತಿಯೊಂದು ಮುಗಿಯುವಾಗ ಮತ್ತೆ ಮತ್ತೆ ಕೇಳುವುದು ಈ ನಡೆಯೇ.

ಒಂದು ಕಾಲದಲ್ಲಿ ಏಳನೇ ಸ್ವರವನ್ನು ಹೀಗೆ ಏಕಾಏಕಿ ತರುವಂತಿರಲಿಲ್ಲ. ಹಿಂದಿನ ಕಾರ್ಡಿನಲ್ಲೇ ಅದನ್ನು ಕೇಳಿಸಿ, ಕಿವಿಯನ್ನು ಸಿದ್ಧಮಾಡಿರಬೇಕಿತ್ತು. ಇಟಲಿಯ ಸಂಗೀತ ರಚನಕಾರ ಮಾಂಟೆವೆರ್ಡಿ ತನ್ನ ಹಾಡುಗಳಲ್ಲಿ ಈ ಕಟ್ಟಳೆ ಮೀರಿದಾಗ, ಆರ್ಟೂಸಿ ಎಂಬ ವಿದ್ವಾಂಸ 1600ರಲ್ಲಿ ಅವನ ಹೆಸರೆತ್ತದೆ ಪುಸ್ತಕದಲ್ಲೇ ತರಾಟೆಗೆ ತೆಗೆದುಕೊಂಡ. ಮಾಂಟೆವೆರ್ಡಿ ಜಗ್ಗಲಿಲ್ಲ. 1605ರಲ್ಲಿ ಆ ಹಾಡುಗಳನ್ನು ಅಚ್ಚು ಹಾಕಿಸಿದ.

ಹಾಗಾದರೆ ಈ ತಳಮಳ ಶಬ್ದದಲ್ಲೇ ಇದೆಯಾ? ಪೂರ್ತಿ ಹಾಗೆ ಹೇಳಲಾಗದು. 220, 275, 330, 385 ಹರ್ಟ್ಜ್‌ನ (ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ) ನಾಲ್ಕು ಸ್ವರ ತೆಗೆದುಕೊಳ್ಳಿ. ಇವು 4:5:6:7ರ ಲೆಕ್ಕದಲ್ಲಿವೆ. ಇದೂ ಡಾಮಿನೆಂಟ್ ಸೆವೆಂತೇ, ಆದರೆ ತುಂಬ ಹದವಾಗಿ ಬೆರೆಯುತ್ತದೆ. ಪಿಯಾನೋದಲ್ಲಿ ಮೇಲಿನ ಸ್ವರ 385 ಅಲ್ಲ, 392. ಎರಡು ಕೀಗಳ ನಡುವಿನ ದೂರದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಏರಿರುತ್ತದೆ. ಅಮೆರಿಕದ ಬಾರ್ಬರ್‌ಶಾಪ್ ಗಾಯಕರು ವಾದ್ಯವಿಲ್ಲದೆ ನಾಲ್ಕು ಕಂಠಗಳಲ್ಲಿ ಹಾಡುತ್ತಾರೆ. ಶ್ರುತಿಯನ್ನು ಹದವಾಗಿ ಇಳಿಸಿ ಆ 4:5:6:7ಕ್ಕೆ ತರಲು ನೋಡುತ್ತಾರೆ. ಸರಿಯಾಗಿ ಕೂತರೆ ಕಾರ್ಡ್ ಗಂಟೆಯ ಹಾಗೆ ಮೊಳಗುತ್ತದೆ.

ಉಳಿದದ್ದು ಅಭ್ಯಾಸದ ಕೆಲಸ. ಅಮೆರಿಕದ ಕಪ್ಪು ಜನರು ಕಟ್ಟಿದ ಬ್ಲೂಸ್ ಸಂಗೀತ ಕೇಳಿ. ಅದರಲ್ಲಿ ಮನೆಯ ಕಾರ್ಡೇ ಎಷ್ಟೋ ಸಲ ಡಾಮಿನೆಂಟ್ ಸೆವೆಂತ್: ಸ-ಗ-ಪ ಜೊತೆಗೆ ಹರಿಕಾಂಭೋಜಿಯ ನಿ, ಅಂದರೆ ಕೈಶಿಕಿ ನಿಷಾದ. ಹಾಡು ಅಲ್ಲಿಂದಲೇ ಹೊರಡುತ್ತದೆ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಮೊಜಾರ್ಟ್ ಆಗಿದ್ದರೆ ಅದನ್ನು ಮುಂದಿನ ಕಾರ್ಡಿಗೆ ದಾಟಿಸದೆ ಬಿಡುತ್ತಿರಲಿಲ್ಲ.