ಫ್ರೀಕ್ವೆನ್ಸಿ ಪ್ಲಾನಿಂಗ್ ಅಂದ್ರೇನು?

ಫೋನಲ್ಲಿ ಸಿಗ್ನಲ್ ಕಡ್ಡಿ ಎಲ್ಲಾ ಫುಲ್ ಇರುತ್ತೆ, ಆದ್ರೂ ಮಾತು ಕಟ್ ಕಟ್ ಆಗ್ತಿರುತ್ತೆ. ಇದಕ್ಕೆ ಒಂದು ಮುಖ್ಯ ಕಾರಣ ಇಂಟರ್‌ಫಿಯರೆನ್ಸ್, ಅಂದ್ರೆ ಅದೇ ಫ್ರೀಕ್ವೆನ್ಸಿಲಿ ಕೆಲಸ ಮಾಡ್ತಿರೋ ಇನ್ನೊಂದು ಟವರಿನ ಸಿಗ್ನಲ್ಲೂ ಬಂದು ಮಧ್ಯೆ ಸೇರ್ಕೊಳ್ಳೋದು. ಯಾವ ಸೆಲ್‌ಗೆ (ಅಂದ್ರೆ ಟವರ್ ಸಿಗ್ನಲ್ ಕೊಡೋ ಒಂದೊಂದು ಜಾಗಕ್ಕೆ) ಯಾವ ಫ್ರೀಕ್ವೆನ್ಸಿ ಕೊಡ್ಬೇಕು, ಅದನ್ನೇ ಮತ್ತೆ ಎಷ್ಟು ದೂರದಲ್ಲಿ ಬಳಸ್ಬಹುದು ಅಂತ ಲೆಕ್ಕ ಹಾಕಿ ಹಂಚೋ ಕೆಲಸಾನೇ ಫ್ರೀಕ್ವೆನ್ಸಿ ಪ್ಲಾನಿಂಗ್.

ಮೊಬೈಲ್ ಕಂಪನಿ ಕೈಲಿರೋ ಸ್ಪೆಕ್ಟ್ರಮ್, ಅಂದ್ರೆ ಬಳಸೋಕೆ ಸಿಕ್ಕಿರೋ ಫ್ರೀಕ್ವೆನ್ಸಿಗಳು, ಸ್ವಲ್ಪ, ಗ್ರಾಹಕರು ಲಕ್ಷಗಟ್ಟಲೆ, ಹಾಗಾಗಿ ಇದ್ದಿದ್ದನ್ನೇ ಮತ್ತೆ ಮತ್ತೆ ಬಳಸದೆ ಬೇರೆ ದಾರಿ ಇಲ್ಲ. ಆರು ಮೂಲೆಯ ಸೆಲ್‌ಗಳಾಗಿ ಜಾಗ ಹಂಚೋ ಐಡಿಯಾ 1947ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತ್ತು.

2ಜಿ ಫೋನ್‌ಗಳ ಜಿಎಸ್‌ಎಂ ತಂತ್ರಜ್ಞಾನ ತಗೊಳ್ಳಿ, ಇದು ಅರ್ಥ ಆದ್ರೆ ಮುಕ್ಕಾಲು ವಿಷಯ ಅರ್ಥ ಆದಂಗೆ. ಒಂದು ಕ್ಯಾರಿಯರ್ (ಫ್ರೀಕ್ವೆನ್ಸಿಯ ಒಂದು ತುಂಡು) 200 ಕಿಲೋಹರ್ಟ್ಸ್, ಅದ್ರಲ್ಲಿ 8 ಟೈಮ್‌ಸ್ಲಾಟ್, ಅಂದ್ರೆ ಸರದಿ ಮೇಲೆ ಒಂದೊಂದು ಕಾಲ್‌ಗೆ ಸಿಗೋ ಸಮಯದ ಚೂರು. ನಿಮ್ಹತ್ರ 21 ಕ್ಯಾರಿಯರ್ ಇದೆ ಅಂದ್ಕೊಳ್ಳಿ. 7 ಸೆಲ್‌ಗಳ ಒಂದು ಗುಂಪು ಮಾಡಿ ಅದ್ರೊಳಗೆ ಎಲ್ಲಾ ಕ್ಯಾರಿಯರ್ ಹಂಚಿ, ಪಕ್ಕದ ಗುಂಪಲ್ಲಿ ಅದನ್ನೇ ಮತ್ತೆ ಬಳಸಿದ್ರೆ ತಲಾ 3 ಕ್ಯಾರಿಯರ್, ಅಂದ್ರೆ 24 ಸ್ಲಾಟ್, ಅದ್ರಲ್ಲೂ ಒಂದೆರಡು ಸಿಗ್ನಲಿಂಗ್‌ಗೇ (ಫೋನು, ಟವರಿನ ನಡುವಿನ ನಿಯಂತ್ರಣದ ಸಂದೇಶಗಳಿಗೆ) ಹೋಗುತ್ತೆ. ಅದೇ 3 ಸೆಲ್‌ಗಳ ಗುಂಪು ಮಾಡಿ, ತಲಾ 7 ಕ್ಯಾರಿಯರ್, 56 ಸ್ಲಾಟ್! ಆದ್ರೆ ಮೊದಲನೇದ್ರಲ್ಲಿ ಒಂದೇ ಫ್ರೀಕ್ವೆನ್ಸಿಯ ಎರಡು ಸೆಲ್‌ಗಳ ಅಂತರ ಸೆಲ್ ತ್ರಿಜ್ಯದ ಸುಮಾರು 4.6 ಪಟ್ಟು ಇತ್ತು, ಈಗ ಬರೀ 3 ಪಟ್ಟು. ಜಾಸ್ತಿ ಕಾಲ್ ಬೇಕಾ, ಕ್ಲೀನ್ ಕಾಲ್ ಬೇಕಾ, ಪ್ಲಾನರ್ ತಲೆಬಿಸಿ ಎಲ್ಲಾ ಇಲ್ಲೇ ಇರೋದು. ಜಿಎಸ್‌ಎಂನಲ್ಲಿ ನಮ್ಮ ಸಿಗ್ನಲ್ ಅದೇ ಫ್ರೀಕ್ವೆನ್ಸಿಯ ಗಲಾಟೆಗಿಂತ ಕನಿಷ್ಠ 9 ಡೆಸಿಬಲ್, ಅಂದ್ರೆ ಸುಮಾರು 8 ಪಟ್ಟು, ಜಾಸ್ತಿ ಇರ್ಬೇಕು. ಅಕ್ಕಪಕ್ಕದ ಕ್ಯಾರಿಯರ್‌ಗಳನ್ನ ಒಂದೇ ಸೆಲ್‌ಗೆ ಕೊಡೋ ಹಾಗೂ ಇಲ್ಲ.

ಇನ್ನು ಆರು ಮೂಲೆ ಅನ್ನೋದು ಪೇಪರ್ ಮೇಲೆ ಮಾತ್ರ. ನಿಜವಾದ ಜಾಗದಲ್ಲಿ ಗುಡ್ಡ ಇರುತ್ತೆ, ಕೆರೆ ಇರುತ್ತೆ, ಎತ್ತರದ ಬಿಲ್ಡಿಂಗ್ ಮೇಲಿರೋ ಆಂಟೆನಾದ ಸಿಗ್ನಲ್ ನಾಲ್ಕೈದು ಸೆಲ್ ದಾಟಿ ಎಲ್ಲೋ ದೂರದಲ್ಲಿ ಹೋಗಿ ತೊಂದ್ರೆ ಕೊಡುತ್ತೆ. ಅದಕ್ಕೇ ಆಂಟೆನಾ ಸ್ವಲ್ಪ ಕೆಳಕ್ಕೆ ಬಗ್ಗಿಸ್ತಾರೆ, ಪವರ್ ಕಮ್ಮಿ ಮಾಡ್ತಾರೆ, ಗಾಡಿಲಿ ಓಡಾಡಿ ಡ್ರೈವ್ ಟೆಸ್ಟ್ ಮಾಡಿ ಪ್ಲಾನ್ ತಿದ್ದುತ್ತಾರೆ. ನನ್ನ ಪ್ರಕಾರ ಸಾಫ್ಟ್‌ವೇರ್ ಕೊಟ್ಟ ಪ್ಲಾನ್‌ಗಿಂತ ಈ ತಿದ್ದೋ ಕೆಲಸಕ್ಕೇ ಬೆಲೆ ಜಾಸ್ತಿ.

4ಜಿ, 5ಜಿ ಬಂದ್ಮೇಲೆ ಸಾಮಾನ್ಯವಾಗಿ ಎಲ್ಲಾ ಸೆಲ್‌ಗೂ ಒಂದೇ ಫ್ರೀಕ್ವೆನ್ಸಿ, ಹಾಗಂತ ಪ್ಲಾನಿಂಗ್ ಮುಗೀತು ಅಂತಲ್ಲ. ಈಗ ಫೋನು ಒಂದೊಂದು ಸೆಲ್ ಗುರುತು ಹಿಡಿಯೋ ಪಿಸಿಐ ಅನ್ನೋ ಸೆಲ್ ನಂಬರ್ ಹಂಚ್ಬೇಕು. 4ಜಿಲಿ 504, 5ಜಿಲಿ 1008 ನಂಬರ್ ಇವೆ, ಟವರ್ ಸಾವಿರಾರು, ಹಾಗಾಗಿ ಅವನ್ನೂ ಮರುಬಳಕೆ ಮಾಡ್ಲೇಬೇಕು. ಒಂದು ಸೆಲ್‌ನ ನೆರೆಯವರಲ್ಲಿ ಇಬ್ಬರಿಗೆ ಒಂದೇ ನಂಬರ್ ಬಿತ್ತು ಅಂದ್ರೆ ಕಾಲ್ ಯಾವ ಸೆಲ್‌ಗೆ ದಾಟಿಸ್ಬೇಕು ಅಂತ ನೆಟ್‌ವರ್ಕ್‌ಗೇ ಗೊತ್ತಾಗಲ್ಲ.